ಇವರು ಆರಿಸಿದ ಕತ್ತಿ

ಆಗಸ್ಟ್ 14, ಗುರುವಾರ

ಕಣ್ಣು ಕಾಣದವರ ಕೈಗೆ ಕ್ಷೌರದ ಕತ್ತಿ ಕೊಡಿಸಿದ್ದು ಸರಿಯೋ ತಪ್ಪೋ, ಇನ್ನೂ ಅದೇ ಯೋಚನೆ. ಕಳೆದ ವರ್ಷ ಯಜಮಾನರ ದೃಷ್ಟಿ ಹೋದಮೇಲೆ ಅವರ ಗಡ್ಡ ತೆಗೆಯುತ್ತಿದ್ದವಳು ನಾನೇ. ಈಗ ತಾವೇ ತೆಗೆದುಕೊಳ್ಳುತ್ತಾರಂತೆ, ಅದೂ ಮೊದಲಿನ ಹಾಗೆ ಮಡಿಸುವ ಕತ್ತಿಯಲ್ಲೇ. ಹಳೆಯದಕ್ಕೆ ತುಕ್ಕು ಹಿಡಿದಿತ್ತು, ಹೊಸದು ತರಲು ಇವತ್ತು ಇಬ್ಬರೂ ಹೋದೆವು.

ಚಂದ್ರಾ ಲೇಔಟ್‌ನ ಅಂಗಡಿಯವನು ನನ್ನನ್ನೇ ನೋಡಿ ಮಾತಾಡಿದ. "ಮೇಡಂ, ಇದು ತಗೊಳ್ಳಿ, ಹಿಡಿ ಮೇಲೆ ನವಿಲು ಕೆತ್ತಿದೆ."

ನನಗೂ ಅದೇ ಚೆಂದ ಕಂಡಿತು. ಇವರು ಸವರಿ ನೋಡಿ, "ನವಿಲು ಬೆರಳಿಗೆ ಒತ್ತುತ್ತೆ ಕಣ್ರೀ, ಬೇರೆ ಕೊಡಿ," ಅಂದರು. ಒಂದೊಂದನ್ನೂ ಬಿಚ್ಚಿ, ಮಡಿಸಿ, ಕೈಯಲ್ಲಿ ತೂಗಿದರು. ಕೊನೆಗೆ ಒಪ್ಪಿದ್ದು ಯಾವ ಅಲಂಕಾರವೂ ಇಲ್ಲದ, ಕರಿ ಕೊಂಬಿನ ಹಿಡಿಯದು. ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದರು: ದಪ್ಪ ಬೆನ್ನು, ಚುಚ್ಚದಂತೆ ದುಂಡಗಿರುವ ತುದಿ, ಕಿರುಬೆರಳು ಕೂರಲೆಂದು ಬಾಗಿದ ಬಾಲ.

"ನೋಡಿದ್ಯಾ? ಕೈಗೆ ತಾನಾಗೇ ಕೂರುತ್ತೆ."

ಆ ಮುಖದಲ್ಲಿ ಅಷ್ಟು ಖುಷಿ ಕಂಡು ಎಷ್ಟು ಕಾಲವಾಗಿತ್ತೋ.

ಸಂಜೆ ಬಚ್ಚಲಲ್ಲಿ ನಿಂತು ನೊರೆ ಹಚ್ಚಿಕೊಂಡರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಕತ್ತಿ ಸರಸರ ಇಳಿಯಿತು. ಎಲ್ಲೂ ರಕ್ತ ಬರಲಿಲ್ಲ. ಎಡಗಿವಿಯ ಕೆಳಗೆ ಮಾತ್ರ ಒಂದಿಷ್ಟು ಕೂದಲು ಉಳಿದಿತ್ತು. "ಚೆನ್ನಾಗಾಗಿದೆ ಕಣ್ರೀ," ಅಂದುಬಿಟ್ಟೆ.

ಇವರು ಕೆನ್ನೆ ಸವರಿಕೊಳ್ಳುತ್ತಾ ಸರಿಯಾಗಿ ಅಲ್ಲೇ ಬೆರಳು ನಿಲ್ಲಿಸಿ ನಕ್ಕರು. "ಇಲ್ಲಿ ಬಿಟ್ಟಿದೆ ಅಂತ ಹೇಳಬಾರ್ದಾ? ಕಣ್ಣು ಹೋಗಿರೋದು ನಂಗೆ ಕಣೇ, ನಿಂಗಲ್ಲ."

ಮತ್ತೆ ಕತ್ತಿ ಎತ್ತಿಕೊಂಡರು. ಈ ಸಲ ನಾನು ಅಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ.