ಹಸಿರು ದೀಪದ ಕೆಳಗಿನ ಊರು

ಕ್ರಿ.ಶ. 2391, ಫೆಬ್ರವರಿ ಮೂವತ್ತು. ಶತಮಾನಗಳ ಹಿಂದೆ ಫೈರ್ ಅಲಾರಂ ತಂತಿ ಎಳೆಯುತ್ತಿರುವ ಹಿರಿಯರಿಗೆ ನಾಗವೇಣಿಯ ನಮಸ್ಕಾರಗಳು. ಈ ಪತ್ರದ ಉದ್ದೇಶ ಒಂದೇ: ತಂತಿಯ ಕೊನೆಯಲ್ಲಿ ಕೂರಿಸಬೇಕಾದ ರೆಸಿಸ್ಟರನ್ನು ದಯವಿಟ್ಟು ಕೊನೆಯಲ್ಲಿಯೇ ಕೂರಿಸಿ ಎಂದು ನಿಮ್ಮನ್ನು ಕೇಳಿಕೊಳ್ಳುವುದು. ದಿನಾಂಕ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಸೂರ್ಯನನ್ನು ಕಾಣದ ನಮಗೆ ಎಲ್ಲ ತಿಂಗಳುಗಳೂ ಸಮ. ನನ್ನ ಕೆಲವು ಪದಗಳೂ ನಿಮಗೆ ಹೊಸವಾಗಿರಬಹುದು. ಮಂಡಲಶಾಲೆಯಲ್ಲಿ, ಎಂದರೆ ತಂತಿವಿದ್ಯೆ ಕಲಿಸುವ ನಮ್ಮ ಏಕೈಕ ಶಾಲೆಯಲ್ಲಿ, ಈ ವರ್ಷ ಮೊದಲಿಗಳಾಗಿ ತೇರ್ಗಡೆಯಾದವಳು ನಾನು. ಆದ್ದರಿಂದ ಅವುಗಳನ್ನು ತಪ್ಪಿಲ್ಲದೆ ವಿವರಿಸಬಲ್ಲೆ.

ಚಿನ್ನ ಮುಗಿದ ಗಣಿಯೊಂದರೊಳಗೆ ನಾವು ಎರಡು ಅಂತಸ್ತುಗಳಲ್ಲಿ ವಾಸಿಸುತ್ತೇವೆ. ನಮ್ಮದು ಮೇಲೂರು. ಬಂಡೆಯ ಬೆವರನ್ನು ಬಟ್ಟೆಯಲ್ಲಿ ಒರೆಸಿ, ಹಿಂಡಿ ಕುಡಿಯುತ್ತೇವೆ. ಅಣಬೆಯ ಹಿಟ್ಟಿನಲ್ಲಿ ಮುದ್ದೆ ತಿರುವುತ್ತೇವೆ. ಒಲೆ ಹಚ್ಚುವ ಮುನ್ನ ನೆರೆಯವರ ಅನುಮತಿ ಕೇಳುತ್ತೇವೆ, ಏಕೆಂದರೆ ಗಾಳಿ ಎಲ್ಲರದು. ಮನೆಗಳು ತುಂಬಿದಾಗ ಕೆಲವು ಕುಟುಂಬಗಳು ಪಂಜರದಲ್ಲಿ, ಅಂದರೆ ಗಣಿಯ ಹಳೆಯ ಲಿಫ್ಟಿನಲ್ಲಿ, ಕೆಳಗೂರಿಗೆ ಹೋಗುತ್ತವೆ. ಇದಕ್ಕೆ ಇಳಿವು ಎಂದು ಹೆಸರು. ಪಂಜರ ಖಾಲಿಯಾಗಿ ಮರಳುತ್ತದೆ. ಇಳಿದವರು ಮೇಲೆ ಬರುವ ವಾಡಿಕೆಯಿಲ್ಲ. ಅವರ ಕ್ಷೇಮವನ್ನು ತಿಳಿಸುವುದು ನಿಮ್ಮ ಕಾಲದ ಅಲಾರಂ ಪ್ಯಾನೆಲ್ ಒಂದೇ. ಹಸಿರು ದೀಪ ಉರಿಯುತ್ತಿದ್ದರೆ ಕೆಳಗೂರು ಚೆನ್ನಾಗಿದೆ. ಮಕ್ಕಳು ಶಾಲೆಗೆ ಹೋಗುವಾಗ ಪ್ಯಾನೆಲ್ ಕೋಣೆಯ ಕಿಟಕಿಯಿಂದ ಅದಕ್ಕೆ ಕೈಮುಗಿಯುತ್ತಾರೆ.

ಪ್ಯಾನೆಲಿನಿಂದ ಹೊರಟ ಸಣ್ಣ ಕರೆಂಟು ಜೋಡಿ ತಂತಿಯ ಒಂದರಲ್ಲಿ ಕೆಳಗೂರಿನ ಕೊನೆಯ ಮನೆಯವರೆಗೆ ಹೋಗಿ, ಅಲ್ಲಿನ ತುದಿತಡೆಯನ್ನು ದಾಟಿ, ಇನ್ನೊಂದರಲ್ಲಿ ಹಿಂದಿರುಗಬೇಕು. ತುದಿತಡೆ ಎಂದರೆ ನಿಮ್ಮ ಎಂಡ್ ಆಫ್ ಲೈನ್ ರೆಸಿಸ್ಟರ್, ಕರೆಂಟನ್ನು ಅಳತೆಯಲ್ಲಿ ಬಿಡುವ ಪುಟ್ಟ ಬಿಡಿಭಾಗ. ಹಾಗೆ ಮರಳಿದರೆ ಹಸಿರು. ಹೊಗೆ ಕಂಡರೆ ಕರೆಂಟು ಏರಿ ಕೆಂಪು ದೀಪ. ತಂತಿ ತುಂಡಾದರೆ ಕರೆಂಟು ನಿಂತು ಹಳದಿ. ಹಳದಿ ಇರುವಾಗ ಪಂಜರ ಇಳಿಯುವಂತಿಲ್ಲ. ನನ್ನ ಅಜ್ಜಿಯೂ ಹಳದಿಯನ್ನು ಕಂಡವಳಲ್ಲ.

ನಾಳೆ ನನ್ನ ಅಕ್ಕ ಅಲಮೇಲು ಗಂಡ ಮತ್ತು ಕೂಸಿನೊಂದಿಗೆ ಇಳಿಯಬೇಕು. ಇಳಿವಿನ ಮುನ್ನ ಪ್ಯಾನೆಲನ್ನು ಪರೀಕ್ಷಿಸುವ ಗೌರವ ಶಾಲೆಯ ಮೊದಲಿಗಳಿಗೆ ಸಲ್ಲುತ್ತದೆ. ವಾಡಿಕೆಯಂತೆ ಗಾಜು ಒರೆಸಿ ಬಂದಿದ್ದರೆ ಸಾಕಿತ್ತು. ನಾನು ಮುಚ್ಚಳ ಬಿಚ್ಚಿ, ಕೆಳಗೂರಿನ ತಂತಿಗಳನ್ನು ತಿರುಪಿನಿಂದ ಕಳಚಿದೆ. ಹಸಿರು ಅಲುಗಲಿಲ್ಲ. ತುದಿತಡೆ ಪ್ಯಾನೆಲಿನ ಒಳಗೇ, ಅದೇ ತಿರುಪುಗಳ ಅಡಿಯಲ್ಲಿತ್ತು. ಕೊನೆಯ ಮನೆಯವರೆಗೆ ನಡೆಯುವ ಶ್ರಮ ತಪ್ಪಿಸಿಕೊಳ್ಳಲು ನಿಮ್ಮಲ್ಲಿ ಯಾರೋ ಅದನ್ನು ಅಲ್ಲಿಯೇ ಬಿಗಿದಿದ್ದರು. ಕರೆಂಟು ಪೆಟ್ಟಿಗೆಯನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಕಳಚಿದ ತಂತಿಯನ್ನು ಮೆಲ್ಲನೆ ಎಳೆದೆ. ಭಾರವಿಲ್ಲದೆ ಕೆಲವೇ ಮಾರು ಬಂತು. ತುದಿಯಲ್ಲಿ ತಾಮ್ರ ಬೆಂಕಿಗೆ ಕರಗಿ ಹನಿಯಾಗಿ ಗಟ್ಟಿಯಾಗಿತ್ತು. ಆ ಹನಿಯ ಮೇಲೆ ನಾನು ಹುಟ್ಟುವುದಕ್ಕೂ ಹಿಂದಿನ ಕಿಲುಬು ದಪ್ಪವಾಗಿ ಕೂತಿತ್ತು.

ನಮ್ಮ ಮೇಷ್ಟ್ರು ಚೌಡರೆಡ್ಡಿಯವರನ್ನು ಕರೆದು ತೋರಿಸಿದೆ. ಅವರು ಆಶ್ಚರ್ಯಪಡಲಿಲ್ಲ. “ಮುಚ್ಚಳ ಹಾಕ್ಬಿಡಮ್ಮಾ. ಇರೋ ಗಾಳಿ ಇಷ್ಟೇ. ಇಳಿಯೋರು ಇಳೀಲಿಲ್ಲ ಅಂದ್ರೆ ಇಲ್ಲಿರೋರು ಏನ್ ಉಸಿರಾಡ್ತಾರೆ?” ಎಂದು ಹೇಳಿ ಹೊರಗೆ ಹೋದರು. ನಾನು ಕೋಣೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ತುದಿತಡೆಯನ್ನು ಕಿತ್ತೆ. ಹಳದಿ ಹತ್ತಿತು.

ಊರು ಬಾಗಿಲಲ್ಲಿ ಸೇರಿತು. “ಲೇ ಫಸ್ಟ್ ಕ್ಲಾಸು, ಗಂಟುಮೂಟೆ ಎಲ್ಲಾ ಕಟ್ಟಾಯ್ತು ಕಣೇ! ದೀಪ ಒರೆಸು ಅಂದ್ರೆ ಅದನ್ನೂ ಕೆಡಿಸಿ ಕೂತ್ಯಾ?” ಎಂದು ಅಕ್ಕ ಹೊರಗಿನಿಂದ ನಕ್ಕಳು. ಕರಗಿದ ತಂತಿಯನ್ನು ಬಾಗಿಲ ಸಂದಿನಿಂದ ಅವಳ ಕೈಗೆ ಕೊಟ್ಟೆ. ನಗು ನಿಂತಿತು.

ಹಿರಿಯರೇ, ನಿಮ್ಮ ಕಾಲದ ಕೊನೆಯ ಮನೆಯಲ್ಲಿ ಇನ್ನೂ ಜನರಿದ್ದಾರೆ. ದಯವಿಟ್ಟು ಅಲ್ಲಿಯವರೆಗೆ ನಡೆಯಿರಿ.

ತುದಿತಡೆಯನ್ನು ಕೊಡು ಎಂದು ಮೇಷ್ಟ್ರು ಬಾಗಿಲು ಬಡಿಯುತ್ತಿದ್ದಾರೆ. ನಾನು ಕೊಡುವುದಿಲ್ಲ.