ಅಮ್ಮನ ಫೋನಿನಲ್ಲಿ ಕೈಯಾಡಿಸಿದವಳು ನಾನೇ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ನೆಗಡಿ ಪೂರ್ತಿ ಬಿಟ್ಟಿತೇ? ಕಳೆದ ಪತ್ರದಲ್ಲಿ ನಿನ್ನ ಅಕ್ಷರಗಳೇ ಸೀನುತ್ತಿರುವಂತೆ ಕಾಣುತ್ತಿದ್ದವು. ಬೆಟ್ಟದ ಮೇಲೆ ಕೂತು ಗಾಳಿ ಅಳೆಯುವುದು ನಿನ್ನ ಕೆಲಸ, ಒಪ್ಪಿದೆ. ಹಾಗಂತ ಅಷ್ಟೂ ಗಾಳಿಯನ್ನು ನೀನೇ ತಲೆಗೆ ತೆಗೆದುಕೊಳ್ಳಬೇಕಾಗಿಲ್ಲ. ಕಿವಿಗೆ ಬಟ್ಟೆ ಸುತ್ತಿಕೋ, ರಾತ್ರಿ ಬಿಸಿನೀರು ಕುಡಿ. ನಿನ್ನ ಹವಾಮಾನ ಕೇಂದ್ರಕ್ಕೆ ಫೋನಿನ ಸಿಗ್ನಲ್ ಸಿಗುತ್ತಿದ್ದರೆ ಇದನ್ನೆಲ್ಲ ಬಾಯಲ್ಲೇ ಹೇಳಿ ಮುಗಿಸುತ್ತಿದ್ದೆ. ಸಿಗದಿರುವುದೇ ಒಳ್ಳೆಯದಾಯಿತು. ಇವತ್ತು ಬರೆಯುತ್ತಿರುವುದು ಬಾಯಿಬಿಟ್ಟು ಹೇಳುವಂಥ ವಿಷಯವಲ್ಲ. ಪೂರ್ತಿ ಓದುವವರೆಗೆ ಬೈಯಬೇಡ, ಆಮೇಲೆ ಎಷ್ಟು ಬೇಕಾದರೂ ಬೈದುಕೋ.

ನೀನು ಹೊರಡುವ ಹಿಂದಿನ ದಿನ ಅಮ್ಮನಿಗೆ ಫೋನನ್ನು ಅಣಿಮಾಡಿ ಕೊಟ್ಟೆಯಲ್ಲ, ಅಲ್ಲಿಂದಲೇ ಶುರು. ನೀನೇ ಅಕ್ಷರ ದೊಡ್ಡದು ಮಾಡಿದೆ, ಹುಡುಕುವ ಜಾಗವನ್ನು ಪರದೆಯ ನಟ್ಟನಡುವೆ ತಂದಿಟ್ಟೆ, ಮೈಕಿನ ಗುರುತು ಒತ್ತಿ ಮಾತಾಡಿದರೆ ಸಾಕೆಂದು ಕಲಿಸಿದೆ. ಅದರೊಳಗಿನ ಹೆಂಗಸು ಉತ್ತರವನ್ನು ಓದಿಯೂ ಹೇಳುತ್ತಾಳೆ. ಅಮ್ಮನಿಗೆ ಆ ದನಿ ಥೇಟ್ ನಿನ್ನದೇ ಅಂತೆ. ನನಗೇನೂ ಹಾಗನ್ನಿಸಿಲ್ಲ, ನೀನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಈ ಜನ್ಮದಲ್ಲಿ ನಾನು ಕೇಳಿಲ್ಲ. ಮೊದಮೊದಲು ಅಮ್ಮ “ಗುಬ್ಬಿ ಹಾಕಿಕೊಟ್ಟ ಫೋನಲ್ಲಿ ಹೀಗೆ ಬಂತು” ಎನ್ನುತ್ತಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಅದು “ಗುಬ್ಬಿ ಫೋನ್ ಹೇಳ್ತು” ಆಯಿತು. ಆಮೇಲೆ ಬರೀ “ಗುಬ್ಬಿ ಹೇಳಿದ್ಳು”. ಇವತ್ತು ಮಧ್ಯಾಹ್ನ ಸೆಖೆಯಂತೆ, ಗುಬ್ಬಿ ಹೇಳಿದ್ಳು. ಬಟಾಣಿ ನೆನೆಯೋಕೆ ಎಂಟು ಗಂಟೆ ಬೇಕಂತೆ, ಗುಬ್ಬಿ ಹೇಳಿದ್ಳು. ಮನೆಯಲ್ಲಿ ಬಟಾಣಿ ನೆನೆಹಾಕುತ್ತಿದ್ದವಳು ನಾನು, ಇಪ್ಪತ್ತು ವರ್ಷದಿಂದ.

ಅಮ್ಮನ ಕಣ್ಣಿಗೆ ದಿನಕ್ಕೆ ಮೂರು ಸಲ ಎರಡು ಬಗೆಯ ಹನಿ ಹಾಕುವವಳೂ ನಾನೇ. ಒಂದು ಸಂಜೆ, ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿದಳು. ಐದು ನಿಮಿಷ ಎಂದೆ. ಕಣ್ಣು ಮುಚ್ಚಿಕೊಂಡೇ ಕೈಚಾಚಿ ಫೋನೆತ್ತಿ ಅದನ್ನೂ ಕೇಳಿದಳು. ಐದು ನಿಮಿಷ ಎಂದಿತು. “ನೋಡು, ಗುಬ್ಬಿನೂ ಐದೇ ಅಂದ್ಲು, ಹಾಗಾದ್ರೆ ಸರಿ” ಎಂದು ಸಮಾಧಾನವಾಗಿ ತಲೆಯೊರಗಿಸಿದಳು. ನಾನು ಹನಿಯ ಬಾಟಲಿ ಹಿಡಿದು ನಿಂತೇ ಇದ್ದೆ. ಗುಬ್ಬೀ, ಊರವರ ಬಾಯಿಗೆ ಹಲ್ಲು ಕಟ್ಟಿಕೊಡುವ ನಾನು ಆವತ್ತು ನನ್ನ ಹಲ್ಲು ಕಡಿದ ಸದ್ದನ್ನು ನಾನೇ ಕೇಳಿದೆ. ಹೊಟ್ಟೆಕಿಚ್ಚು ಅಂದರೆ ಬರೀ ಮಾತಲ್ಲ, ನಿಜವಾಗಿಯೂ ಎದೆಯ ಕೆಳಗೆ ಒಂದು ಕಡೆ ಬಿಸಿಯಾಗುತ್ತದೆ. ನಿನಗೆ ಗುಬ್ಬಿ ಎಂಬ ಮುದ್ದಿನ ಹೆಸರಿದೆ. ನಾನು ಹುಟ್ಟಾ “ದೊಡ್ಡವಳು”.

ನಮ್ಮ ಲ್ಯಾಬಿನಲ್ಲಿ ದವಡೆಯ ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವ ಅಚ್ಚಿನಣ್ಣ ಗೊತ್ತಲ್ಲ, ಅನುಮಾನದ ಪ್ರಾಣಿ. “ನಾವು ಹುಡುಕಿದ್ದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತಮ್ಮಾ, ನಾನು ಹುಡುಕೋದಕ್ಕೆ ಬೇರೆ ಹಾಕ್ಕೊಂಡಿದೀನಿ” ಎಂದು ಊಟದ ಹೊತ್ತಿನಲ್ಲಿ ತನ್ನ ಫೋನು ತೋರಿಸಿದ. ಮೂಲೆಯ ಮೂರು ಚುಕ್ಕಿ ಒತ್ತಬೇಕು, ಸೆಟ್ಟಿಂಗ್ಸ್‌ಗೆ ಹೋಗಬೇಕು, ಸರ್ಚ್ ಎಂಜಿನ್ ಎಂದಿರುವಲ್ಲಿ ಒತ್ತಿದರೆ ನಾಲ್ಕೈದು ಹೆಸರು ಬರುತ್ತವೆ. ಬೇಕಾದುದರ ಮುಂದಿನ ಸೊನ್ನೆಯನ್ನು ಮುಟ್ಟಿದರೆ ಮುಗಿಯಿತು, ಅಂದಿನಿಂದ ಏನು ಹುಡುಕಿದರೂ ಅದರಲ್ಲೇ, ಅದೇ ಡಿಫಾಲ್ಟ್. ಅವನು ಆರಿಸಿಕೊಂಡದ್ದರಲ್ಲಿ ಮೈಕು ಇರಲಿಲ್ಲ, ಉತ್ತರ ಓದಿ ಹೇಳುವ ದನಿಯೂ ಇರಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಅಷ್ಟೇ.

ಮರುದಿನ ಶುಕ್ರವಾರ. ಅಮ್ಮ ಸ್ನಾನಕ್ಕೆ ಹೋದಾಗ ಬಚ್ಚಲಿನ ನೀರಿನ ಸದ್ದಿಗೆ ಕಿವಿಕೊಟ್ಟು, ಕಳ್ಳಿಯ ಹಾಗೆ ಅವಳ ಹಾಸಿಗೆಯ ತುದಿಯಲ್ಲಿ ಕೂತು ಆ ಕೆಲಸ ಮಾಡಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವಳು ತಲೆ ಒರೆಸಿಕೊಳ್ಳುತ್ತ ಬಂದು ಫೋನು ತೆಗೆದು, “ಇದೇನೇ, ಗುಬ್ಬಿ ಇವತ್ತು ಬಾಯೇ ಬಿಡ್ತಿಲ್ಲ?” ಎಂದಳು. ನೆಟ್‌ವರ್ಕ್ ಇರಬೇಕು ಎಂದೆ, ಅವಳ ಮುಖ ನೋಡದೆ.

ಆಮೇಲಿನ ನಾಲ್ಕು ದಿನ ನನ್ನದೇ ರಾಜ್ಯಭಾರ. ಸೆಖೆಯೋ ಮಳೆಯೋ ನನ್ನನ್ನೇ ಕೇಳಿದಳು. ಕುಕ್ಕರಿನ ರಬ್ಬರು ಎಲ್ಲಿ ಸಿಗುತ್ತದೆ, ಮೂಲೆಯ ಔಷಧಿ ಅಂಗಡಿ ಎಷ್ಟಕ್ಕೆ ಬಾಗಿಲು ಹಾಕುತ್ತದೆ, ಎಲ್ಲ ನನ್ನನ್ನೇ. ಗೊತ್ತಿಲ್ಲದ್ದನ್ನು ಬಚ್ಚಲಿಗೆ ಹೋಗಿ ನನ್ನ ಫೋನಿನಲ್ಲಿ ನೋಡಿಕೊಂಡು ಬಂದು, ಹುಟ್ಟಿದಾಗಿನಿಂದ ಗೊತ್ತಿದ್ದವಳ ಹಾಗೆ ಹೇಳಿದೆ. ನಗಬೇಡ. ನಿನ್ನ ಹೆಸರು ನಾಲ್ಕು ದಿನ ಮನೆಯಲ್ಲಿ ಕೇಳಿಸಲಿಲ್ಲ, ನನಗೆ ಊಟ ರುಚಿಸುತ್ತಿತ್ತು.

ಮಂಗಳವಾರ ಅವಳನ್ನು ಮೊದಲ ಸಲ ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಅವತ್ತೇ ರೇಡಿಯೋದಲ್ಲಿ ಸುದ್ದಿ ಓದುವ ಒಬ್ಬರ ಮೇಲಿನ ಹಲ್ಲುಸೆಟ್ಟು ಮುರಿದು ಬಂತು, ಸಂಜೆಯ ಸುದ್ದಿಗೆ ಹಲ್ಲು ಬೇಕೇ ಬೇಕು. ಬೆಳಗಿನಿಂದ ಅಮ್ಮ ಆರು ಸಲ ಫೋನು ಮಾಡಿದ್ದಳು. ಏಳನೆಯದು ಬಂದಾಗ ಕೈಯಲ್ಲಿ ಬಿಸಿ ಮೇಣವಿತ್ತು. “ಅಮ್ಮಾ, ಪ್ರತಿಯೊಂದಕ್ಕೂ ನನ್ನನ್ನೇ ಕೇಳಿದ್ರೆ ನಾನು ಕೆಲಸ ಮಾಡೋದು ಯಾವಾಗ?” ಎಂದುಬಿಟ್ಟೆ. “ಸರಿ ಬಿಡು” ಎಂದು ಇಟ್ಟಳು. ಅವಳು ಕೇಳಬೇಕೆಂದಿದ್ದು ಆಸ್ಪತ್ರೆಯ ವಿಳಾಸ.

ಮೂರು ಗಂಟೆಗೆ ಮನೆಗೆ ಬಂದರೆ ಬೀಗ. ಫೋನು ಸ್ವಿಚ್ಡ್ ಆಫ್. ಆಸ್ಪತ್ರೆಗೆ ಓಡಿದೆ, ಅಲ್ಲಿಗೆ ಬಂದೇ ಇಲ್ಲ ಎಂದರು. ಬಸ್ ನಿಲ್ದಾಣ, ಔಷಧಿ ಅಂಗಡಿ, ಪಾರ್ಕಿನ ಬೆಂಚು, ಎಲ್ಲ ಸುತ್ತಿದೆ. ಎಡಗಣ್ಣಿಗೆ ಪೊರೆ ಬಂದವಳು, ಎದುರಿಗೆ ಬಂದ ಬಸ್ಸಿನ ನಂಬರು ಓದಲಾರಳು. ಅವಳಿಗೆ ಓದಿ ಹೇಳುತ್ತಿದ್ದ ಒಂದು ಬಾಯಿಯನ್ನು ನಾನೇ ಮುಚ್ಚಿದ್ದೆನಲ್ಲ ಎಂಬುದು ಆಗ, ರಸ್ತೆಯ ನಡುವೆ, ತಲೆಗೆ ಹೊಳೆಯಿತು. ಅಷ್ಟರಲ್ಲಿ ಅಚ್ಚಿನಣ್ಣ ಫೋನು ಮಾಡಿದ. ಫೋನಿನ ಚಾರ್ಜು ಮುಗಿದು ಅಮ್ಮ ಯಾವುದೋ ಅಂಗಡಿಯಿಂದ ಲ್ಯಾಬಿನ ಲ್ಯಾಂಡ್‌ಲೈನಿಗೆ ಕರೆ ಮಾಡಿದ್ದಳಂತೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು, ನಂಬರೆಲ್ಲ ಬಾಯಿಪಾಠ. ಅದೇ ಅವಳನ್ನು ಉಳಿಸಿತು.

ಹೋಗಿ ನೋಡುತ್ತೇನೆ, ಬಾತ್‌ರೂಮ್ ಸಾಮಾನಿನ ಅಂಗಡಿ! ಮಾರಾಟಕ್ಕಿಟ್ಟ ಹೊಚ್ಚಹೊಸ ಕಮೋಡಿನ ಮುಚ್ಚಳದ ಮೇಲೆ ಅಮ್ಮ ಬ್ಯಾಗು ಅಪ್ಪಿಕೊಂಡು, ಅಂಗಡಿಯವಳು ಕೊಟ್ಟ ಚಹಾ ಹಿಡಿದು ಕೂತಿದ್ದಾಳೆ. ಒಂದೊಂದೇ ಅಕ್ಷರ ಒತ್ತಿ ಆಸ್ಪತ್ರೆಯ ಹೆಸರು ಬರೆದು, ಮೊದಲು ಬಂದ ವಿಳಾಸವನ್ನು ಭೂತಗನ್ನಡಿ ಹಿಡಿದು ಓದಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಅದು ಆಸ್ಪತ್ರೆಯ ಹಳೆಯ ವಿಳಾಸ, ಅವರು ಅಲ್ಲಿಂದ ಎದ್ದು ಎರಡು ವರ್ಷವಾಯಿತಂತೆ. ನನ್ನನ್ನು ಕಂಡದ್ದೇ ಚಹಾದ ಲೋಟ ಕೆಳಗಿಟ್ಟಳು. “ಗುಬ್ಬಿ ನನ್ನ ದಾರಿ ತಪ್ಪಿಸಿಬಿಟ್ಳು ಕಣೇ” ಎಂದಳು.

ಇಷ್ಟು ವರ್ಷ ಯಾವ ಮಾತಿಗಾಗಿ ಬಾಯಿಬಿಟ್ಟುಕೊಂಡು ಕಾದಿದ್ದೆನೋ ಆ ಮಾತು. ಅದನ್ನು ಕೇಳಿಯೂ ಸುಮ್ಮನಿದ್ದೆ. ಮೂರು ದಿನ ಸುಮ್ಮನಿದ್ದೆ. ಅಮ್ಮ ನಿನ್ನ ಮೇಲೆ ಮುನಿಸಿಕೊಂಡು ನಿನ್ನ ಪತ್ರವನ್ನು ಎರಡನೆಯ ಸಲ ಓದಿಸಿಕೊಳ್ಳಲಿಲ್ಲ. ಗೆದ್ದೆ ಎಂದುಕೊಳ್ಳಲು ನೋಡಿದೆ. ಬಾಯಲ್ಲಿ ಪ್ಲಾಸ್ಟರ್ ಕಲಸಿದ ಹಾಗಿತ್ತು. ನಿನ್ನೆ ಬೆಳಿಗ್ಗೆ ಹನಿ ಹಾಕುವಾಗ, ಅವಳ ಕಣ್ಣು ಮುಚ್ಚಿರುವಾಗಲೇ, ಎಲ್ಲ ಹೇಳಿಬಿಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಸೆರಗಿನಿಂದ ಕಣ್ಣಂಚು ಒರೆಸಿಕೊಂಡು ಹೇಳಿದಳು: “ನಿನ್ನನ್ನ ಕೇಳಿದ್ರೆ ನೀನು ಮೊದಲು ಒಂದು ನಿಟ್ಟುಸಿರು ಬಿಡ್ತೀಯ, ಆಮೇಲೆ ಉತ್ತರ ಕೊಡ್ತೀಯ. ಅದು ನಿಟ್ಟುಸಿರು ಬಿಡಲ್ಲ ಕಣೇ, ಅದಕ್ಕೇ ಅದನ್ನ ಕೇಳ್ತಿದ್ದೆ.” ನಾನು ನಿಟ್ಟುಸಿರು ಬಿಡುತ್ತೇನೆಂದು ನನಗೇ ಗೊತ್ತಿರಲಿಲ್ಲ, ಗುಬ್ಬೀ. ನಿನಗೆ ಗೊತ್ತಿತ್ತೇ?

ಹಳೆಯದನ್ನೇ ಮತ್ತೆ ಹಾಕಲು ಹೋದರೆ ತಡೆದಳು. ಹೇಗೆಂದು ತನಗೇ ಕಲಿಸಬೇಕಂತೆ. ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೊನ್ನೆ. ನಾಲ್ಕೇ ಸಲಕ್ಕೆ ಕಲಿತಳು. ಈಗ ಆಕೆಯ ಫೋನಿಗೆ ಆಕೆಯೇ ಯಜಮಾನಿ. ನಿನ್ನ ಮೇಲಿನ ಕೋಪವೂ ಇಳಿದಿದೆ. ನನ್ನ ಮೇಲಿನದು ಇನ್ನೂ ಸ್ವಲ್ಪ ಇದೆ, ಚಹಾಕ್ಕೆ ಸಕ್ಕರೆ ಸಾಲದು ಎಂದು ಎರಡು ಸಲ ವಾಪಸ್ ಕಳಿಸಿದಳು.

ನೀನು ಮಾಡದ ತಪ್ಪಿಗೆ ಮೂರು ದಿನ ನಿನ್ನನ್ನು ಬೈಸಿದ್ದೇನೆ. ಕ್ಷಮಿಸು ಎನ್ನಲು ನಾಲಿಗೆ ಏಳುವುದಿಲ್ಲ, ಬರೆಯುವುದು ಸುಲಭ: ಕ್ಷಮಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಬೆಚ್ಚಗಿಟ್ಟುಕೋ. ಅಮ್ಮ ನಿನ್ನ ತಲೆ ಸವರಿದೆನೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಅಕ್ಕ

ಮರೆತಿದ್ದೆ — ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಂದೆ. ಶುಕ್ರವಾರ ಆಸ್ಪತ್ರೆಗೆ ಹೋಗಿಬಂದೆವು. ಎಡಗಣ್ಣಿನದು ಬರೀ ಪೊರೆಯಲ್ಲವಂತೆ, ಒಳಗಿನ ಪದರವೂ ಬಿಟ್ಟುಕೊಂಡಿದೆಯಂತೆ. ಹತ್ತೊಂಬತ್ತಕ್ಕೆ ಆಪರೇಷನ್. ಕಣ್ಣು ಬರುತ್ತದೋ ಇಲ್ಲವೋ ಆಮೇಲೆ ನೋಡೋಣ ಎಂದರು ಡಾಕ್ಟರು. ನಿನಗೆ ತಿಳಿಸಬೇಡ, ಪಾಪ ಕೆಲಸ ಬಿಟ್ಟು ಓಡಿ ಬರ್ತಾಳೆ ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ. ಆಣೆ ಮುರಿದಿದ್ದೇನೆ. ನನ್ನೊಬ್ಬಳ ಕೈಲಿ ಆಗುವುದಿಲ್ಲ ಗುಬ್ಬೀ, ನನಗೆ ಹೆದರಿಕೆಯಾಗಿದೆ. ನೀನು ಬಂದರೆ ಅವಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ನನಗೆ ಹೊಟ್ಟೆ ಉರಿಯುತ್ತದೆ. ಉರಿಯಲಿ. ಬಾ.