ಕಿತ್ತಳೆ ಕೇಕಿನ ತಟ್ಟೆ

ಫುಜೇಟಾ,
೨೬ ಡಿಸೆಂಬರ್ ೧೯೮೩

ಪ್ರಿಯ ಸೊಸೆ ಜುಲ್ಮೀರಾಳಿಗೆ,

ಅತ್ತೆ ಇಡಾಲೀನಾಳ ಆಶೀರ್ವಾದಗಳು. ನಾನು ಕ್ಷೇಮವಾಗಿದ್ದೇನೆ. ಮೊಣಕಾಲಿನ ನೋವು ಕಡಲ ಗಾಳಿ ಬೀಸಿದಾಗ ಮಾತ್ರ ಕಾಡುತ್ತದೆ. ಇಲ್ಲಿ ಗಾಳಿ ಬೀಸದ ದಿನವೇ ಇಲ್ಲವೆಂಬುದು ನಿನಗೆ ತಿಳಿದದ್ದೇ. ಸೆತೂಬಾಲಿನಲ್ಲಿ ನೀನೂ ನನ್ನ ಮೊಮ್ಮಗಳು ಲೀಡಿಯಾಳೂ ಸೌಖ್ಯದಿಂದಿರುವಿರೆಂದು ನಂಬಿದ್ದೇನೆ. ಮಗುವಿನ ಮುಂದಿನ ಹಲ್ಲು ಬಿದ್ದಿತೆಂದು ಬರೆದಿದ್ದೆ. ಹೊಸ ಹಲ್ಲು ಬಂದಿದೆಯೆ? ಅವಳ ತಂದೆಗೆ ಆ ಹಲ್ಲು ಬರಲು ಬಹಳ ಕಾಲ ಹಿಡಿದಿತ್ತು, ಗಾಬರಿಯಾಗಬೇಡ.

ನವೆಂಬರಿನಲ್ಲಿ, ಸಂತ ಮಾರ್ಟಿನನ ಹಬ್ಬದ ಹೊತ್ತಿಗೇ ನಿನ್ನ ಪತ್ರ ತಲುಪಿತ್ತು. ಉತ್ತರ ಇಷ್ಟು ತಡವಾದುದಕ್ಕೆ ನನ್ನ ಕಣ್ಣಿನ ಪೊರೆಯನ್ನಾಗಲಿ ಅಂಚೆಯವನನ್ನಾಗಲಿ ದೂರಬಹುದಿತ್ತು, ಆದರೆ ಅವೆರಡೂ ನಿರಪರಾಧಿಗಳು. ರೈಲು ನಿಲ್ದಾಣದಲ್ಲಿ ಕೆಲಸ ಮಾಡುವ ಅಡೆಲೀನೊ ನಿನ್ನನ್ನು ಮದುವೆಯಾಗಬೇಕೆಂದು ಕೇಳಿದ್ದಾನೆ, ಮಗುವನ್ನು ತನ್ನದೆಂದೇ ಸಾಕುವೆನೆಂದಿದ್ದಾನೆ, ಆದರೆ ನನ್ನ ಮಗ ಜಸಿಂತೊನ ಹೆಸರಿನಲ್ಲಿ ಇಗರ್ಜಿಯಲ್ಲಿ ಸತ್ತವರ ಬಲಿಪೂಜೆ ಇನ್ನೂ ನಡೆಯದಿರುವುದರಿಂದ ಪಾದ್ರಿಗಳು ಹಿಂಜರಿಯುತ್ತಿದ್ದಾರೆ ಎಂದು ಬರೆದಿದ್ದೆ. ಕೊನೆಯಲ್ಲಿ, "ಅತ್ತೆ, ನೀವು ಬೇಡ ಅಂದ್ರೆ ಬೇಡ. ಆದ್ರೆ ಏನಾದ್ರೂ ಒಂದು ಅನ್ನಿ" ಎಂದಿದ್ದೆ. ಆ ಪತ್ರವನ್ನು ಹಿಟ್ಟಿನ ಡಬ್ಬಿಯ ಹಿಂದಿಟ್ಟು, ಹಿಟ್ಟು ತೆಗೆಯುವಾಗಲೆಲ್ಲ ಅದರ ಅಂಚನ್ನು ಕಂಡು ಕಾಣದವಳಂತೆ ಇದ್ದುಬಿಟ್ಟೆ. ಉತ್ತರವನ್ನು ಈ ಪತ್ರದ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಇಲ್ಲಿಯ ಸಮಾಚಾರ ಕೇಳು.

ಹಿತ್ತಲಿನ ಕಿತ್ತಳೆ ಮರ ಈ ಚಳಿಗಾಲ ಕೊಂಬೆ ಮುರಿಯುವಂತೆ ಫಲ ಹೊತ್ತಿದೆ. ಜಸಿಂತೊ ಮೊಂಕರಾಪಾಶುವಿನ ಸಂತೆಯಿಂದ ಆ ಸಸಿಯನ್ನು ಸೈಕಲ್ಲಿಗೆ ಕಟ್ಟಿ ತಂದಾಗ, ಉಪ್ಪುಗಾಳಿಗೆ ಇದು ಒಂದು ಬೇಸಗೆಯೂ ಬಾಳದೆಂದು ಬೀದಿಯೇ ನಕ್ಕಿತ್ತು. ಈಗ ಅದರ ಒಂದು ಕೊಂಬೆ ಗೋಡೆ ದಾಟಿ ಫೆಲಿಸ್ಮೀನಾಳ ಅಂಗಳದ ಮೇಲೆ ಬಾಗಿದೆ. ಅವಳು ಎಂದೂ ಒಂದು ಹಣ್ಣನ್ನು ಕಿತ್ತವಳಲ್ಲ. ಉದುರಿದ್ದನ್ನೂ ಗೋಡೆಯ ಮೇಲೆ ಸಾಲಾಗಿ ಇಟ್ಟುಬಿಡುತ್ತಾಳೆ.

ಕ್ರಿಸ್ಮಸ್ಸಿಗೆ ಎರಡು ದಿನ ಮೊದಲು, ಎಂದಿನಂತೆ ನಾನು ಕೇಕು ಮಾಡಲು ಕುಳಿತೆ. ಹಣ್ಣಿನ ಹೊರಮೈಯನ್ನಷ್ಟೇ ತುರಿದೆ. ಒಳಗಿನ ಬಿಳಿ ಒಂದಿಷ್ಟು ತಗುಲಿದರೂ ಕಹಿ. ಆ ತುರಿಯನ್ನು ಸಕ್ಕರೆಯಲ್ಲಿ ಬೆರಳಿನಿಂದ ಉಜ್ಜಿದೆ, ಸಕ್ಕರೆ ಒದ್ದೆಮರಳಿನಂತಾಗಿ ಮನೆಯೆಲ್ಲ ಘಮಘಮಿಸುವವರೆಗೆ. ಮೊಟ್ಟೆಯ ಬಿಳಿಯನ್ನು ನೊರೆ ನಿಲ್ಲುವಂತೆ ಕಡೆದು, ಆಲಿವ್ ಎಣ್ಣೆಯನ್ನು ಎಳೆಯಾಗಿ ಬಿಟ್ಟು, ಹಿಟ್ಟು ಬೆರೆಸಿ, ನಡುವೆ ಕೊಳವೆಯಿರುವ ಆ ಹಳೆಯ ತಗಡಿನ ಅಚ್ಚಿಗೆ ಸುರಿದೆ. ಒಲೆಯಿಂದ ತೆಗೆದೊಡನೆ ಕಡ್ಡಿಯಿಂದ ಚುಚ್ಚಿ ಬಿಸಿ ರಸ ಹೊಯ್ದೆ. ನಮ್ಮ ಬೀದಿಯ ಮಾಳಿಗೆಗಳು ಒಂದಕ್ಕೊಂದು ತಗುಲಿಕೊಂಡಿರುವುದರಿಂದ, ಒಲೆ ಹೊತ್ತಿಸಿದ ಸುದ್ದಿ ನಾನು ಬಾಗಿಲು ತೆರೆಯುವ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ.

ನಮ್ಮ ಬೀದಿಯ ಕಟ್ಟಳೆಯನ್ನು ನಿನಗೆ ಕಲಿಸಿದವಳೇ ನಾನು. ಸಾವಾದ ಮನೆಯವರು ಕ್ರಿಸ್ಮಸ್ಸಿಗೆ ಒಲೆ ಹೊತ್ತಿಸಿ ಸಿಹಿ ಮಾಡುವುದಿಲ್ಲ, ನೆರೆಯವರೇ ತಂದುಕೊಡಬೇಕು. ಉಳಿದ ಮನೆಗಳಿಂದ ತಟ್ಟೆ ಮರಳುವಾಗ ಅದರಲ್ಲಿ ಅಂಜೂರವೋ ಬಾದಾಮಿಯೋ ಇರಬೇಕು. ಸಾವಾದ ಮನೆಯಿಂದ ಅದು ತೊಳೆದು ಬರಿದಾಗಿಯೇ ಮರಳಬೇಕು. ನಿನ್ನ ಮಾವನವರು ತೀರಿಕೊಂಡ ವರ್ಷ ನೀನಿನ್ನೂ ಹೊಸ ಸೊಸೆ, ಬೇರೆ ಊರಿನವಳು. ಫೆಲಿಸ್ಮೀನಾಳ ತಟ್ಟೆಯನ್ನು ಬರಿದಾಗಿ ಕೊಡುವುದು ಅವಮರ್ಯಾದೆಯೆಂದು ಬಗೆದು ಬಾದಾಮಿ ತುಂಬಿಕೊಂಡು ಹೊರಟುಬಿಟ್ಟಿದ್ದೆ! "ನಿಲ್ಲೇ, ನಿಲ್ಲೇ ಹುಚ್ಚಿ! ಸತ್ತವರು ಬಾದಾಮಿ ಹಂಚ್ತಾರೇನೇ?" ಎಂದು ಕೂಗುತ್ತ ನಾನು ಬೀದಿಯುದ್ದಕ್ಕೂ ನಿನ್ನ ಹಿಂದೆ ಓಡಿದ್ದು, ಬಾದಾಮಿ ಚೆಲ್ಲಿದ್ದು, ಜಸಿಂತೊ ಬಾಗಿಲಲ್ಲಿ ನಿಂತು ತಂದೆಯ ಶೋಕವನ್ನೂ ಮರೆತು ನಕ್ಕದ್ದು ನಿನಗೆ ನೆನಪಿದೆಯೆ? ನನಗೆ ಆ ನಗು ಈಗಲೂ ಕೇಳಿಸುತ್ತದೆ.

ಈ ಬಾರಿ ಮೊದಲು ಬಲೆ ಹೆಣೆಯುವ ಕ್ರಿಸ್ಪಿಂ ಮುದುಕನ ಮನೆಗೆ ಹೋದೆ.

"ಇಡಾಲೀನಾ, ವರ್ಷದಿಂದ ವರ್ಷಕ್ಕೆ ನಿನ್ನ ಕೇಕಲ್ಲಿ ತೂತು ದೊಡ್ಡದಾಗ್ತಿದೆ, ಕೇಕು ಸಣ್ಣದಾಗ್ತಿದೆ. ಹೀಗೇ ಆದ್ರೆ ಮುಂದಿನ ವರ್ಷ ಬರೀ ತೂತು ತಂದು ಕೊಡ್ತೀಯ" ಎಂದ.

"ನಿನ್ನ ಬಲೆಗಿಂತ ವಾಸಿ ಬಿಡು. ಅದ್ರಲ್ಲಿ ತೂತು ಬಿಟ್ರೆ ಇನ್ನೇನಿದೆ?" ಎಂದೆ.

ನಕ್ಕ. ಆದರೆ ಹಿಂದೆಲ್ಲ ನಾನು ಹೊಸ್ತಿಲು ದಾಟುವ ಮೊದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದವನು, ಈ ಸಲ ಮುಚ್ಚಿದ್ದ ಬಟ್ಟೆಯನ್ನೂ ಸರಿಸದೆ ತಟ್ಟೆಯನ್ನು ಕಪಾಟಿನ ಮೇಲಿಟ್ಟ. ವಯಸ್ಸಾಯಿತು, ಹಲ್ಲಿಲ್ಲ ಎಂದುಕೊಂಡೆ.

ಅಲ್ಲಿಂದ ಫೆಲಿಸ್ಮೀನಾಳ ಬಾಗಿಲಿಗೆ. ಅವಳ ಗಂಡ ಬೆಲ್ಶಿಯೋರ್ ನಡೆಸುತ್ತಿದ್ದ 'ಸಾಂತಾ ಇರಿಯಾ' ದೋಣಿಯಲ್ಲಿಯೇ ಅಲ್ಲವೆ ನಮ್ಮ ಜಸಿಂತೊ ಹೋದದ್ದು? ಕಳೆದ ವರ್ಷದ ಫೆಬ್ರವರಿಯ ಬಿರುಗಾಳಿಯಾದ ಮೇಲೆ ಕಡಲು ಬೆಲ್ಶಿಯೋರನ ದೇಹವನ್ನು ದಡಕ್ಕೆ ಮರಳಿಸಿತು, ಜಸಿಂತೊನನ್ನು ಮರಳಿಸಲಿಲ್ಲ. ಮರಳಿಸಲಿಲ್ಲವೆಂಬುದನ್ನೇ ಹಿಡಿದುಕೊಂಡು ನಾನು ಬದುಕಿದೆ. ಕಾಣದ ದೇಹಕ್ಕೆ ಸಾವೆಲ್ಲಿಯದು? ನೀನು ಕಪ್ಪು ಬಟ್ಟೆ ಉಡಲು ಹೊರಟಾಗ, "ನನ್ನ ಮನೇಲಿ ವಿಧವೆ ಒಬ್ಬಳೇ, ಅದು ನಾನು" ಎಂದು ಪೆಟ್ಟಿಗೆಗೆ ಬೀಗ ಹಾಕಿದೆನಲ್ಲ, ಅದೇ ಹಟ. ಕಳೆದ ಕ್ರಿಸ್ಮಸ್ಸಿನಲ್ಲಿ ಫೆಲಿಸ್ಮೀನಾಳ ಒಲೆ ತಣ್ಣಗಿತ್ತು, ನನ್ನದು ಉರಿದಿತ್ತು. ನನ್ನ ಕೇಕನ್ನು ಬೀದಿಯವರೆಲ್ಲ ಮೌನವಾಗಿ ತೆಗೆದುಕೊಂಡರು. ಅವರು ತೆಗೆದುಕೊಂಡದ್ದೇ ನನಗೆ ಸಾಕ್ಷಿಯಾಗಿತ್ತು: ನಮ್ಮದು ಸಾವಾದ ಮನೆಯಲ್ಲ.

ಈ ಬಾರಿ ಫೆಲಿಸ್ಮೀನಾ ತಟ್ಟೆಗೆ ಕೈಯೊಡ್ಡಲಿಲ್ಲ.

"ಯಾಕೆ ತಂದ್ರಿ ಅಕ್ಕಾ?"

"ಸಾವಾದ ಮನೆಗೆ ತರದೆ ಇನ್ಯಾರ ಮನೆಗೆ ತರಲಿ? ನಿನ್ನ ಒಲೆ ತಣ್ಣಗಿದೆಯಲ್ಲ."

"ನಿಮ್ಮ ಒಲೆ ಯಾಕೆ ಬಿಸಿಯಾಗಿದೆ?"

ನಾನು ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದೆ. ಅವಳು ಜೋರಾಗಿ ಮಾತನಾಡುವವಳಲ್ಲ, ನಿನಗೆ ಗೊತ್ತು. ಮೆಲ್ಲಗೇ ಹೇಳಿದಳು.

"ಹೋದ ವರ್ಷದ ಕೇಕು ನಾವೆಲ್ಲ ತಿಂದ್ವಿ ಅಂದ್ಕೊಂಡಿದೀರ? ಯಾರೂ ತಿನ್ಲಿಲ್ಲ ಅಕ್ಕಾ. ನಾನೂ ತಿನ್ಲಿಲ್ಲ, ಕ್ರಿಸ್ಪಿಮಣ್ಣನೂ ತಿನ್ಲಿಲ್ಲ. ಸಾವಾದ ಮನೆ ಸಿಹಿ ಯಾರ ಗಂಟಲಲ್ಲಿ ಇಳಿಯುತ್ತೆ? ನಿಮ್ಮ ಮುಖ ನೋಡಿ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಒಬ್ಬರಿಗೊಬ್ರು ಹೇಳ್ದೆ ಒಬ್ಬೊಬ್ರೇ ದೋಣಿಕಟ್ಟೆಗೆ ಹೋಗಿ ಕಡಲಹಕ್ಕಿಗೆ ಹಾಕಿದ್ವಿ. ಅಲ್ಲಿ ಹೋದ್ರೆ ಎಲ್ರೂ ಅಲ್ಲೇ ಇದ್ರು, ಬಟ್ಟೇಲಿ ಕೇಕು ಮುಚ್ಕೊಂಡು."

"ನನ್ನ ಮನೇಲಿ ಯಾರೂ ಸತ್ತಿಲ್ಲ."

"ಒಂದೇ ದೋಣಿ ಅಕ್ಕಾ."

"ನಿನಗೇನು, ಹೇಳ್ತೀಯ. ಮಣ್ಣು ಮಾಡೋಕೆ ನಿನಗೊಂದು ದೇಹ ಸಿಕ್ತು."

ಆ ಮಾತು ನನ್ನ ಬಾಯಿಂದ ಬಂದಿತು, ಜುಲ್ಮೀರಾ. ಅವಳು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು.

"ಹೌದು, ಸಿಕ್ತು. ಮುಖ ನೋಡಿ ಅಲ್ಲ, ನಾನೇ ಹೆಣೆದ ಉಣ್ಣೆ ಅಂಗಿ ನೋಡಿ ಗುರುತು ಹಿಡಿದೆ. ಆ ಭಾಗ್ಯ ನಿಮಗೂ ಬೇಕಾ?"

ಬಾಗಿಲು ಹಾಕಿಕೊಂಡಳು. ನಾನು ಕೇಕನ್ನು ಹಿಡಿದು ಮನೆಗೆ ಮರಳಿದೆ. ಉಳಿದ ಬಾಗಿಲುಗಳಿಗೆ ಹೋಗಲಿಲ್ಲ. ಮೇಜಿನ ಮುಂದೆ ಕುಳಿತು ಒಂದು ತುಂಡು ಬಾಯಿಗಿಟ್ಟುಕೊಂಡೆ. ಚೆನ್ನಾಗಿಯೇ ಇತ್ತು, ಮೆತ್ತಗಿತ್ತು, ಹುಳಿಸಿಹಿ ಹದವಾಗಿತ್ತು. ಆದರೆ ನನ್ನ ಗಂಟಲಲ್ಲಿಯೂ ಇಳಿಯಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ನಿನ್ನೆ ಪೂಜೆ ಮುಗಿದ ಮೇಲೆ ಇಗರ್ಜಿಯಲ್ಲಿಯೇ ಕಾದಿದ್ದು ಪಾದ್ರಿಗಳನ್ನು ಕಂಡೆ. ಜನವರಿಯಲ್ಲಿ, ಮೂರು ಅರಸರ ಹಬ್ಬ ಕಳೆದ ಮೇಲೆ ಜಸಿಂತೊನ ಹೆಸರಿನಲ್ಲಿ ಸತ್ತವರ ಬಲಿಪೂಜೆ ನಡೆಯುತ್ತದೆ. ಅವರು ಏನನ್ನೂ ಕೇಳಲಿಲ್ಲ. "ಆಗಲಿ ತಾಯಿ, ಕೂತ್ಕೊಳ್ಳಿ" ಎಂದಷ್ಟೇ ಹೇಳಿ ನೀರು ತರಿಸಿದರು. ನೀನು ಬರಬೇಕು. ಕಪ್ಪು ಬಟ್ಟೆ ಉಟ್ಟು, ಮಗುವಿನ ಕೈ ಹಿಡಿದು, ಮೊದಲ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ನಿನಗೆ ಅಳಲು ಹಕ್ಕಿದೆ. ಆ ಹಕ್ಕನ್ನು ಇಷ್ಟು ದಿನ ನಾನು ಬೀಗ ಹಾಕಿ ಇಟ್ಟಿದ್ದೆ. ಶೋಕದ ದಿನಗಳು ಕಳೆದ ಮೇಲೆ ಅಡೆಲೀನೊಗೆ ಒಪ್ಪಿಗೆ ಹೇಳು. ಅವನು ಒಳ್ಳೆಯವನೆಂದು ನಿನ್ನ ಅಕ್ಷರಗಳಿಂದಲೇ ತಿಳಿಯಿತು. ಅವನ ಹೆಸರು ಬಂದಲ್ಲೆಲ್ಲ ನಿನ್ನ ಕೈ ನಡುಗಿಲ್ಲ. ಮಗು ಅವನನ್ನು ಅಪ್ಪ ಎಂದು ಕರೆಯಲಿ. ನನ್ನೆದುರು ಕರೆದರೂ ನನಗೆ ಬೇಸರವಿಲ್ಲ. ಇದು ಸುಳ್ಳು, ಬೇಸರವಾಗುತ್ತದೆ. ಆದರೂ ಕರೆಯಲಿ.

ದೇವಮಾತೆ ನಿಮ್ಮಿಬ್ಬರನ್ನೂ ಕಾಪಾಡಲಿ. ನಿನ್ನ ಮನೆಯ ಒಲೆ ಎಂದೂ ತಣ್ಣಗಾಗದಿರಲಿ. ಲೀಡಿಯಾಳ ಎರಡು ಕೆನ್ನೆಗಳಿಗೂ ಅಜ್ಜಿಯ ಮುತ್ತು ಕೊಡು.

ಇನ್ನು ಮುಂದೆ ಸೊಸೆಯಲ್ಲ, ಮಗಳೆಂದೇ ನಿನ್ನನ್ನು ಹರಸುವ,
ಇಡಾಲೀನಾ

ಮರೆತ ಮಾತು: ಬಸ್ಸಿನ ಚಾಲಕನ ಕೈಯಲ್ಲಿ ಈ ಪತ್ರದೊಂದಿಗೆ ಅರ್ಧ ಕೇಕು ಕಳುಹಿಸಿದ್ದೇನೆ. ಒಂದು ಬದಿ ಸೀದಿದೆ. ಹೆರೆದು ಮಗುವಿಗೆ ಕೊಡು. ರುಚಿ ನೋಡಿದೊಡನೆ ಇದು ನನ್ನ ಕೈಯದಲ್ಲವೆಂದು ನಿನಗೆ ತಿಳಿಯುತ್ತದೆ. ಜಗಳವಾದ ಮರುದಿನ ಬೆಳಗ್ಗೆ ಫೆಲಿಸ್ಮೀನಾಳ ಹಿತ್ತಲಿನಿಂದ ಹೊಗೆ ಏಳುವುದನ್ನು ಕಂಡೆ. ಎರಡು ಚಳಿಗಾಲ ಉರಿಯದಿದ್ದ ಒಲೆ. ಶಾಖದ ಹದ ಅವಳ ಕೈಗೆ ತಪ್ಪಿಹೋಗಿತ್ತು. ಗೋಡೆಯ ಮೇಲೆ ಸಾಲಾಗಿ ಇರುತ್ತಿದ್ದ, ಜಸಿಂತೊನ ಮರದಿಂದ ಉದುರಿದ ಹಣ್ಣುಗಳು ಅಲ್ಲಿರಲಿಲ್ಲ. ಮಧ್ಯಾಹ್ನ ಅವಳು ಬೀದಿಯ ಬಾಗಿಲಿನಿಂದಲೇ, ಎಲ್ಲರೂ ಕಾಣುವಂತೆ, ತಟ್ಟೆ ಹಿಡಿದು ಬಂದಳು. ನಾನು ಹಿಂದಿನ ದಿನ ಆಡಿದ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ನಮ್ಮನೆ ಶೋಕ ಇವತ್ತಿಗೆ ಮುಗೀತು ಅಕ್ಕಾ. ಇಬ್ರೂ ಒಲೆ ಆರಿಸ್ಕೊಂಡು ಕೂತ್ರೆ ನಿಮಗೆ ತರೋರು ಯಾರು?" ಎಂದಳು.

ತೆಗೆದುಕೊಂಡೆ. ಬೀದಿಯಲ್ಲಿ ಕ್ರಿಸ್ಪಿಂ ತಲೆಯ ಟೋಪಿ ತೆಗೆದು ನಿಂತಿದ್ದ.

ಇಂದು ಬೆಳಗ್ಗೆ ಅವಳ ತಟ್ಟೆಯನ್ನು ತೊಳೆದು ಒರೆಸಿದೆ. ರೂಢಿಯಂತೆ ಕೈ ಬಾದಾಮಿಯ ಡಬ್ಬಿಗೆ ಹೋಗಿ, ಒಂದು ಹಿಡಿ ತುಂಬಿಕೊಂಡೂ ಆಗಿತ್ತು. ನನ್ನ ಹಿಂದೆ ಓಡಿಬಂದು ತಡೆಯಲು ಈ ಮನೆಯಲ್ಲಿ ಯಾರೂ ಇರಲಿಲ್ಲ, ಮಗಳೇ. ಬಾಗಿಲಲ್ಲಿ ನಿಂತು ನಗುವವನೂ ಇರಲಿಲ್ಲ. ಬಾದಾಮಿಯನ್ನು ನಾನೇ ಡಬ್ಬಿಗೆ ಮರಳಿ ಸುರಿದೆ. ತಟ್ಟೆಯನ್ನು ಬರಿದಾಗಿಯೇ ಕೊಟ್ಟು ಬಂದೆ.